ಗರಸಿನ ದಾರಿ, ಸೈಕಲ್ಲು ಮತ್ತು ನಮ್ಮ ಚಕ್ಕಡಿ ರಸ್ತೆ



ದೀಪಾವಳಿ ಮುಗಿದು, ಹಿಂಗಾರಿ ಜೋಳ ಮೊಣಕಾಲುದ್ದ ಎದ್ದ ಮೇಲೆ, ಆದಿತ್ಯವಾರ ಬೆಳಿಗ್ಗೆ ಹೊಲಕ್ಕೆ ಹೊರಟಾಗ ನೀವು ಒಂದು ನೋಟ ಕಂಡಿರಬಹುದು. ಧಾರವಾಡದ ಕಡೆಯಿಂದ ನಾಲ್ಕಾರು ಮಂದಿ ಸೈಕಲ್ಲಿನ ಮೇಲೆ ಬರುತ್ತಾರೆ. ತಲೆಗೆ ಹೆಲ್ಮೆಟ್ಟು, ಕೆಳಕ್ಕೆ ಬಾಗಿದ ಹಿಡಿಕೆ, ದಪ್ಪನೆಯ ಟಾಯರು. ನೆಟ್ಟಗೆ ಡಾಂಬರು ರಸ್ತೆ ಇದ್ದರೂ ಅದನ್ನು ಬಿಟ್ಟು ಚಕ್ಕಡಿ ರಸ್ತೆಗೆ ಇಳಿಯುತ್ತಾರೆ.

“ಅಣ್ಣಾರ, ಈ ದಾರಿ ಗರಗಕ್ಕ ಹೋಗ್ತದೇನ್ರಿ?”

“ಹೋಗ್ತದ್ರಿ. ಆದ್ರ ಮುಂದ ಹಳ್ಳದಾಗ ರಾಡಿ ಐತಿ. ಡಾಂಬರ್ ಐತೆಲ್ಲ, ಅದನ್ಯಾಕ ಬಿಟ್ರಿ?”

“ಡಾಂಬರ್ ಬ್ಯಾಡ ಅಂತನ ಬಂದೇವ್ರಿ.”

ಈ ಮಾತು ಕೇಳಿ ನಿಮಗೆ ನಗು ಬಂದೀತು. ನಮ್ಮ ಊರಿಗೆ ಡಾಂಬರು ಬರಲಿ ಎಂದು ನಾವು ವರ್ಷಗಟ್ಟಲೆ ಅರ್ಜಿ ಕೊಡುತ್ತೇವೆ. ಇವರು ಡಾಂಬರು ಬಿಟ್ಟು ಗರಸು ಹುಡುಕಿಕೊಂಡು ಬರುತ್ತಾರೆ! ಆದರೆ ಇದರಲ್ಲಿ ನಾವು ತಿಳಿದುಕೊಳ್ಳತಕ್ಕ ಮಾತೊಂದಿದೆ. ಅವರು ಹುಡುಕುವ ದಾರಿ ಯಾವುದು? ಅದು ನಮ್ಮ ಅಜ್ಜಂದಿರ ಕಾಲದ ಚಕ್ಕಡಿ ರಸ್ತೆ. ನಾವು ದಿನವೂ ತುಳಿಯುತ್ತ, ವರ್ಷಕ್ಕೊಂದು ಸಾಲು ನೇಗಿಲು ಹೂಡಿ ಕಳೆದುಕೊಳ್ಳುತ್ತಿರುವ ದಾರಿಯೂ ಅದೇ. ಗರಸಿನ ದಾರಿಯ ಸೈಕಲ್ ಸವಾರಿ ಎಂದರೇನು, ನಮ್ಮ ಸೀಮೆಯಲ್ಲಿ ಅದಕ್ಕೆ ಯಾವ ದಾರಿಗಳಿವೆ, ಆ ದಾರಿಗಳನ್ನು ಉಳಿಸುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ.

ಡಾಂಬರು ಬಿಡುವುದೇಕೆ?

ಮೊದಲನೆಯ ಕಾರಣ ಭಯ. ಇಂದಿನ ದೊಡ್ಡ ರಸ್ತೆಗಳಲ್ಲಿ ಲಾರಿ, ಬಸ್ಸು, ಕಾರುಗಳ ಓಟ ಹೆಚ್ಚು. ಅವುಗಳ ಮಗ್ಗುಲಿಗೆ ಸೈಕಲ್ಲು ನಡೆಸುವವನು ಜೀವ ಕೈಯಲ್ಲಿ ಹಿಡಿದೇ ನಡೆಸಬೇಕು. ಚಕ್ಕಡಿ ರಸ್ತೆಯಲ್ಲಿ ಎದುರಾಗುವುದು ಒಂದು ಜೋಡಿ ಎತ್ತು, ಒಂದು ಟ್ರ್ಯಾಕ್ಟರು, ಒಂದು ಕುರಿಹಿಂಡು, ಇಷ್ಟೇ. ಎರಡನೆಯ ಕಾರಣ ನೋಟ. ದೊಡ್ಡ ರಸ್ತೆಯಲ್ಲಿ ಹೋದವನಿಗೆ ಊರಿನ ಹೆಸರಿನ ಫಲಕ ಮಾತ್ರ ಕಾಣುತ್ತದೆ. ಹೊಲದ ದಾರಿಯಲ್ಲಿ ಹೋದವನಿಗೆ ಊರೇ ಕಾಣುತ್ತದೆ.

ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಹವ್ಯಾಸವಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಎಂಪೋರಿಯಾ ಎಂಬ ಪಟ್ಟಣವಿದೆ. ಅದರ ಸುತ್ತ ದನ ಮೇಯುವ ಹುಲ್ಲುಗುಡ್ಡಗಳು, ಅವುಗಳ ನಡುವೆ ರೈತರ ಗರಸಿನ ರಸ್ತೆಗಳು. 2006ರಲ್ಲಿ ಕೆಲವೇ ಜನ ಕೂಡಿ ಆ ರಸ್ತೆಗಳ ಮೇಲೆ 200 ಮೈಲಿನ ಸೈಕಲ್ ಓಟ ನಡೆಸಿದರು. ಮುಂದೆ ಅದಕ್ಕೆ ದೇಶವಿದೇಶಗಳಿಂದ ಸಾವಿರಾರು ಮಂದಿ ಬರತೊಡಗಿದರು. 2022ರಲ್ಲಿ ಇಟಲಿಯಲ್ಲಿ ಗರಸು ರಸ್ತೆಯ ಸೈಕಲ್ ಓಟದ ಮೊದಲನೆಯ ವಿಶ್ವಸ್ಪರ್ಧೆಯೂ ನಡೆಯಿತು. ಈ ಓಟಕ್ಕೆ ಬೇಕಾದ ಮುಖ್ಯ ಸಾಮಾನು ಡಾಂಬರು ಕಾಣದ ಒಳ್ಳೆಯ ದಾರಿ. ಅದು ಹಳ್ಳಿಯಲ್ಲಿದೆ.

ಆ ಸೈಕಲ್ಲಿಗೂ ನಮ್ಮ ಸೈಕಲ್ಲಿಗೂ ಏನು ಭೇದ?

ನೀವು ತಿಳಿದಷ್ಟು ಭೇದವಿಲ್ಲ. ಪೇಟೆಯವರು ಬೆಲೆ ಕೊಟ್ಟು ತರುವ ಗ್ರಾವೆಲ್ ಸೈಕಲ್ಲಿನ ಟಾಯರು ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲ ಇರುತ್ತದೆ. ನಮ್ಮ ಹಾಲಿನವರು, ಅಂಚೆಯವರು ದಶಕಗಟ್ಟಲೆ ತುಳಿದ ಕರಿಯ ಸೈಕಲ್ಲಿನ ಟಾಯರಿನ ಮೇಲೆ 28 × 1½ ಎಂದು ಬರೆದಿರುತ್ತದೆ. ಅದರ ಅಗಲ ಸುಮಾರು 40 ಮಿಲಿಮೀಟರ್. ಅಂದರೆ ಅವರ ಟಾಯರೂ ನಮ್ಮ ಟಾಯರೂ ಒಂದೇ ಅಳತೆಯವು. ಗರಸಿನಲ್ಲಿ ಹೂಳದೆ, ಕಲ್ಲಿನ ಮೇಲೆ ಪುಟಿಯದೆ ಹೋಗಲು ಬೇಕಾದ ಅಗಲ ಇದೇ ಎಂದು ನಮ್ಮ ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು.

ಭೇದವಿರುವುದು ಮೂರು ಕಡೆ. ಒಂದು, ತೂಕ. ಕರಿಯ ಸೈಕಲ್ಲು ಸುಮಾರು 20 ಕಿಲೋ ತೂಗುತ್ತದೆ, ಗ್ರಾವೆಲ್ ಸೈಕಲ್ಲು ಸುಮಾರು ಅದರ ಅರ್ಧ. ಎರಡು, ಗೇರು. ಏರು ಬಂದಾಗ ಸಣ್ಣ ಗೇರಿಗೆ ಹಾಕಿದರೆ ಕಾಲಿಗೆ ಹಗುರಾಗುತ್ತದೆ, ಓಟ ಮಾತ್ರ ಕಡಿಮೆ. ನಮ್ಮ ಸೈಕಲ್ಲಿಗೆ ಒಂದೇ ಗೇರು. ಆದ್ದರಿಂದ ಏರಿನಲ್ಲಿ ಇಳಿದು ನೂಕುವುದೇ ಸರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮೂರು, ಬ್ರೇಕು. ಅವರದು ಡಿಸ್ಕ್ ಬ್ರೇಕು, ಮಳೆಯಲ್ಲೂ ಹಿಡಿಯುತ್ತದೆ. ನಮ್ಮ ಸೈಕಲ್ಲಿನ ಕಬ್ಬಿಣದ ರಿಮ್ಮು ತೊಯ್ದರೆ ಬ್ರೇಕು ಜಾರುತ್ತದೆ. ಆದುದರಿಂದ ನಮ್ಮ ಸೈಕಲ್ಲಿನಲ್ಲಿ ಇಳಿಜಾರಿಗೆ ಹೋಗುವವರು ಇಳಿಯುವುದಕ್ಕೆ ಮೊದಲೇ ವೇಗ ತಗ್ಗಿಸಬೇಕು.

ಹವಾದ ಮಾತನ್ನೂ ತಿಳಿದಿರಿ. ಟಾಯರು ಕಲ್ಲಿನಂತೆ ಬಿರುಸಾಗುವ ಹಾಗೆ ಹವಾ ಹೊಡೆದರೆ ಗರಸಿನ ಮೇಲೆ ಸೈಕಲ್ಲು ಪುಟಿಯುತ್ತದೆ, ಹಿಡಿತ ತಪ್ಪುತ್ತದೆ, ಸೊಂಟ ನೋಯುತ್ತದೆ. ತೀರ ಕಡಿಮೆ ಇದ್ದರೆ ಕಲ್ಲಿನ ಮೇಲೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಸ್ವಲ್ಪವೇ ತಗ್ಗುವಂತಿರಲಿ. ಹಿಂದೆ ಹೇರು ಇದ್ದರೆ ಹಿಂದಿನ ಗಾಲಿಗೆ ತುಸು ಹೆಚ್ಚು ಇರಲಿ.

ಒಂದೇ ದಿನದಲ್ಲಿ ಬೆಳವಲದಿಂದ ಮಲೆನಾಡಿಗೆ

ನಮ್ಮ ಉಪ್ಪಿನಬೆಟಗೇರಿ ಧಾರವಾಡದ ಉತ್ತರಕ್ಕೆ, ಬೆಳವಲದ ಎರೆ ಹೊಲಗಳ ನಡುವೆ ಇದೆ. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದ ದಿಬ್ಬದ ಮೇಲಿದೆ. ಆ ದಿಬ್ಬದ ಪೂರ್ವಕ್ಕೆ ಬಿದ್ದ ಮಳೆ ಮಲಪ್ರಭೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಲ ಉಪಸಾಗರಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಬೇಡ್ತಿಯಂಥ ಹೊಳೆಗಳಲ್ಲಿ ಇಳಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಶಾಲ್ಮಲೆ ಹುಟ್ಟುವ ಸೋಮೇಶ್ವರದ ಗುಡಿ ಧಾರವಾಡದ ಹತ್ತಿರವೇ ಇದೆ. ಹೀಗೆ ನೀರು ಎರಡು ದಿಕ್ಕಿಗೆ ಒಡೆಯುವ ನೆಲದಲ್ಲಿ ಮಣ್ಣೂ ಬೇಗ ಬದಲಾಗುತ್ತದೆ, ಮಳೆಯೂ ಬದಲಾಗುತ್ತದೆ. ಸೈಕಲ್ಲಿನವನಿಗೆ ಇದೇ ದೊಡ್ಡ ಸಂಪತ್ತು. ಇಲ್ಲಿಯ ದಾರಿಗಳನ್ನು ಮೂರು ಹಂತ ಮಾಡಿ ತಿಳಿಯಬಹುದು.

ಮೊದಲನೆಯ ಹಂತ ನಮ್ಮ ಊರ ಸುತ್ತ. ಹಂಗರಕಿ, ಗರಗದ ಕಡೆಗೆ ಒಂದು ಸುತ್ತು, ಪುಡಕಲಕಟ್ಟಿ, ಯಾದವಾಡದ ಕಡೆಗೆ ಒಂದು ಸುತ್ತು, ಅಮ್ಮಿನಭಾವಿಯ ಕಡೆಗೆ ಒಂದು ಸುತ್ತು. ಇಲ್ಲಿ ಏರು ಇಳಿವು ಕಡಿಮೆ. ಜೋಳ, ಕಡಲೆ, ಕುಸುಬಿ, ಗೋದಿಯ ಹೊಲಗಳ ನಡುವೆ ದಾರಿ. ಗರಗವು ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯ್ದು ದೇಶಕ್ಕೆಲ್ಲ ಹೆಸರಾದ ಊರು. ಹೊಸದಾಗಿ ಕಲಿಯುವ ಹುಡುಗರು, ಹುಡುಗಿಯರು ಈ ಹಂತದಿಂದಲೇ ಆರಂಭಿಸಲಿ.

ಎರಡನೆಯ ಹಂತ ಧಾರವಾಡದ ಪಶ್ಚಿಮಕ್ಕೆ, ಕೆಲಗೇರಿ, ಮುಗದದ ಕಡೆಗೆ. ನಮ್ಮ ಊರಿನಿಂದ ಅತ್ತ ಹೋಗಬೇಕಾದರೆ ಪುಣೆ-ಬೆಂಗಳೂರು ಹೆದ್ದಾರಿಯನ್ನು ದಾಟಲೇಬೇಕು. ಸೈಕಲ್ಲಿನಿಂದ ಇಳಿದು, ಮೇಲ್ಸೇತುವೆ ಅಥವಾ ಕೆಳಸೇತುವೆ ಇದ್ದಲ್ಲಿಯೇ ದಾಟಿರಿ. ಹೆದ್ದಾರಿ ದಾಟಿ ಮುಂದೆ ಹೋದಂತೆ ನೆಲ ಕೆಂಪಾಗುತ್ತದೆ, ಹೊಲದಲ್ಲಿ ಜೋಳದ ಬದಲು ಭತ್ತ ಕಾಣುತ್ತದೆ. ಮುಗದದಲ್ಲಿ ದೊಡ್ಡ ಕೆರೆ ಇದೆ, ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಇದೆ. ಸೈಕಲ್ಲಿನ ನೆಪದಲ್ಲಿ ಮಳೆಯಾಶ್ರಿತ ಭತ್ತದ ತಳಿಗಳನ್ನು ನೋಡಿ ಬಂದರೆ ಒಂದು ಹೊಡೆತಕ್ಕೆ ಎರಡು ಕೆಲಸವಾಯಿತು.

ಮೂರನೆಯ ಹಂತ ಕಾಡಿನದು. ಮುಗದ ಬಿಟ್ಟು ಕಂಬಾರಗಣವಿ, ಅಳ್ನಾವರದ ಕಡೆಗೂ, ಬೇರೊಂದು ದಾರಿಯಿಂದ ಹಳಿಯಾಳ, ದಾಂಡೇಲಿಯ ಕಡೆಗೂ ಹೋದರೆ ಗುಡ್ಡ ಏಳುತ್ತವೆ, ಸಾಗವಾನಿ, ಮತ್ತಿ, ಬಿದಿರು ಕಾಣುತ್ತವೆ. ಅಳ್ನಾವರದತ್ತ ರೈಲುಹಳಿಯೂ ಇದೇ ದಿಕ್ಕಿಗೆ ಹೋಗುತ್ತದೆ. ಇಲ್ಲಿ ನೆನಪಿಡತಕ್ಕ ಲೆಕ್ಕವೊಂದಿದೆ. ದಾಂಡೇಲಿ ಧಾರವಾಡಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಹೋಗುವಾಗ ಒಟ್ಟಿನಲ್ಲಿ ಇಳಿವು, ಬರುವಾಗ ಏರು. ಹೋಗುವಾಗ ಹುರುಪಿನಲ್ಲಿ ಶಕ್ತಿಯೆಲ್ಲ ಖರ್ಚು ಮಾಡಿದವನು ಸಂಜೆ ದಾರಿಯಲ್ಲಿ ಕುಳಿತುಬಿಡುತ್ತಾನೆ. ಶಕ್ತಿಯ ಎರಡು ಪಾಲನ್ನು ಮರಳಿ ಬರುವುದಕ್ಕೆ ಇಟ್ಟುಕೊಳ್ಳಿರಿ.

ಕಾಡಿನ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ದಾಂಡೇಲಿ ಸೀಮೆಯ ಕಾಡಿನ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ದಾಟಿಹೋಗುವವರು ಹೋಗಬಹುದು. ರಸ್ತೆ ಬಿಟ್ಟು ಒಳಗಿನ ದಾರಿಗೆ ಇಳಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಹಳಿಯಾಳ, ಕಲಘಟಗಿಯ ಕಡೆ ಆನೆಗಳು ಹೊಲಕ್ಕೂ ಬಂದದ್ದುಂಟು. ಆದ್ದರಿಂದ ಕಾಡಿನ ಮಗ್ಗುಲಲ್ಲಿ ಹೊತ್ತು ಹುಟ್ಟುವುದಕ್ಕೆ ಮೊದಲು, ಹೊತ್ತು ಮುಳುಗಿದ ಮೇಲೆ ಸೈಕಲ್ಲು ಬೇಡ. ಬೀಡಿ, ಬೆಂಕಿಕಡ್ಡಿಯನ್ನು ಎಸೆಯುವುದು ಬೇಡ. ಒಣಗಿದ ಸಾಗವಾನಿ ಎಲೆಯ ಮೇಲೆ ಗಾಲಿ ಜಾರುತ್ತದೆ ಎಂಬುದನ್ನೂ ಮರೆಯಬೇಡಿರಿ.

ಯಾವಾಗ ಹೋಗಬೇಕು, ಯಾವಾಗ ಬೇಡ?

ಎರೆಮಣ್ಣಿನ ಗುಣ ನಿಮಗೆ ಹೇಳಬೇಕಾದ್ದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಿರಗದ ಮಳೆ ಒಂದು ಹದ ಬಿದ್ದರೆ ಸಾಕು, ಸೈಕಲ್ಲಿನ ಗಾಲಿಗೆ ರೊಟ್ಟಿಯ ಹಿಟ್ಟಿನಂತೆ ಮೆತ್ತಿ, ಮಡ್‌ಗಾರ್ಡಿನ ಒಳಗೆ ತುಂಬಿ, ಗಾಲಿ ತಿರುಗದಂತಾಗುತ್ತದೆ. ಆಗ ಸೈಕಲ್ಲು ನಿಮ್ಮನ್ನು ಹೊರುವುದಿಲ್ಲ, ನೀವು ಸೈಕಲ್ಲನ್ನು ಹೊರಬೇಕು. ತೊಯ್ದ ಎರೆದಾರಿಯಲ್ಲಿ ಗಾಲಿ ಕೊರೆದ ಜಾಡು ಒಣಗಿದ ಮೇಲೆ ಕಲ್ಲಿನಂತಾಗಿ, ಮುಂದಿನ ಮಳೆಗೆ ಕಾಲುವೆಯೂ ಆಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಎರೆದಾರಿ ಬೇಡ. ಮಸಾರಿ, ಗರಸಿನ ದಾರಿಗಳಲ್ಲಿ ಮಳೆ ನಿಂತು ಒಂದೆರಡು ದಿನ ಬಿಟ್ಟು ಹೋಗಬಹುದು.

ದೀಪಾವಳಿಯಿಂದ ಯುಗಾದಿಯ ತನಕ ಒಳ್ಳೆಯ ಕಾಲ. ಎಳ್ಳಮಾಸಿಯ ಹೊತ್ತಿಗೆ ಬೆಳವಲದ ಹಸಿರು ಕಣ್ತುಂಬ ಇರುತ್ತದೆ, ಸೀತನಿಯ ಕಾಲವೂ ಬರುತ್ತದೆ. ಯುಗಾದಿ ಕಳೆದ ಮೇಲೆ ಬಿಸಿಲು ಹೆಚ್ಚು, ಬೆಳಗಿನ ಒಂಬತ್ತರೊಳಗೆ ಮನೆ ಸೇರುವಂತೆ ಹೊರಡಬೇಕು.

ಜೊತೆಗೆ ಒಯ್ಯತಕ್ಕದ್ದು ಇಷ್ಟೇ: ಎರಡು ಬಾಟಲಿ ನೀರು, ಒಂದು ಟ್ಯೂಬು, ಪಂಚರ್ ತಿದ್ದುವ ಸಾಮಾನು, ಸಣ್ಣ ಪಂಪು, ಕಟ್ಟಿಕೊಂಡ ರೊಟ್ಟಿ. ನಮ್ಮ ಸೀಮೆಯಲ್ಲಿ ಪಂಚರಿಗೆ ಮುಖ್ಯ ಕಾರಣ ಜಾಲಿಮುಳ್ಳು. ಬೇಲಿಗೆ ಮುಳ್ಳುಕಂಟಿ ಎಳೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಮುಳ್ಳು ಉದುರುತ್ತವೆ. ಅವು ಪೇಟೆಯವನ ಟಾಯರಿಗೆ ಚುಚ್ಚುವುದಕ್ಕೆ ಮೊದಲು ನಿಮ್ಮ ಮಗನ ಕಾಲಿಗೆ, ನಿಮ್ಮ ಎತ್ತಿನ ಗೊರಸಿಗೆ ಚುಚ್ಚುತ್ತವೆ. ಕಂಟಿ ಸಾಗಿಸಿದ ದಿನವೇ ದಾರಿಯನ್ನು ಒಮ್ಮೆ ಬಳಿದುಬಿಡಿರಿ. ಅದರಂತೆ ಸುಗ್ಗಿಯಲ್ಲಿ ಬೆಳೆಯನ್ನು ರಸ್ತೆಯ ಮೇಲೆ ಹರವಿ ಗಾಡಿಗಳಿಂದ ತುಳಿಸುವ ರೂಢಿಯನ್ನೂ ಬಿಡಬೇಕು. ದಂಟಿನ ಮೇಲೆ ಎರಡು ಗಾಲಿಯ ಗಾಡಿಗಳು ಜಾರಿ ಬೀಳುತ್ತವೆ. ಒಕ್ಕಲು ಮಾಡುವ ಜಾಗ ಕಣ, ರಸ್ತೆಯಲ್ಲ.

ಗರಸಿನ ದಾರಿ ಕೆಡುವುದು ಹೇಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ದಾರಿ ಕೆಡುವುದು ಗಾಲಿಯಿಂದ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಮೊದಲು ಕೆಡಿಸುವುದು ನೀರು, ಗಾಲಿ ಕೆಡಿಸುವುದು ಆಮೇಲೆ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕಾಡಮ್ ಎಂಬವರು ಸುಮಾರು ಇನ್ನೂರು ವರ್ಷಗಳ ಹಿಂದೆ ಇದನ್ನು ಸ್ಪಷ್ಟವಾಗಿ ತೋರಿಸಿದರು. ಭಾರವನ್ನು ಹೊರುವುದು ಕೆಳಗಿನ ನೆಲ, ಆ ನೆಲ ಒಣಗಿದ್ದರೆ ಎಷ್ಟು ಭಾರವನ್ನೂ ಹೊರುತ್ತದೆ, ಮೇಲಿನ ಖಡಿಯ ಕೆಲಸ ಮುಖ್ಯವಾಗಿ ಆ ನೆಲಕ್ಕೆ ಕೊಡೆ ಹಿಡಿಯುವುದು, ಎಂಬುದು ಅವರ ಸಿದ್ಧಾಂತ. ನಮ್ಮ ಖಡಿ ರಸ್ತೆಗಳೆಲ್ಲ ಈ ತತ್ವದ ಮೇಲೆಯೇ ಆದವು.

ಆದುದರಿಂದ ಗರಸಿನ ದಾರಿಗೆ ಮೂರು ಅಂಗಗಳು ಬೇಕು.

ಒಂದು, ಆಮೆಯ ಬೆನ್ನು. ದಾರಿಯ ನಡು ಎತ್ತರ, ಎರಡೂ ಅಂಚು ತಗ್ಗು. ಮೀಟರಿಗೆ ನಾಲ್ಕು ಸೆಂಟಿಮೀಟರಿನಂತೆ ಇಳಿಜಾರು ಇರಲಿ. ಮೂರು ಮೀಟರ್ ಅಗಲದ ದಾರಿಯಾದರೆ ನಡುಭಾಗ ಅಂಚಿಗಿಂತ ಆರು ಸೆಂಟಿಮೀಟರ್ ಎತ್ತರ. ಒಂದು ದಾರ, ಒಂದು ಅಳತೆಕೋಲು ಇದ್ದರೆ ಇದನ್ನು ನೀವೇ ನೋಡಬಹುದು.

ಎರಡು, ಎರಡೂ ಬದಿಗೆ ಕಾಲುವೆ. ಬೆನ್ನಿನಿಂದ ಇಳಿದ ನೀರಿಗೆ ಹೋಗಲು ಹಾದಿ ಬೇಕು. ಕಾಲುವೆ ತುಂಬಿದ್ದರೆ ನೀರು ಮರಳಿ ದಾರಿಗೇ ಬರುತ್ತದೆ. ಹೊಲದ ಒಡ್ಡಿನ ನೀರನ್ನು ದಾರಿಗೆ ಒಡೆದು ಬಿಡುವುದಂತೂ ಕೂಡದು. ಹೊಲದ ಹೆಚ್ಚಿನ ನೀರು ಹಳ್ಳಕ್ಕೆ ಹೋಗಲಿ.

ಮೂರು, ಇಳಿಜಾರಿನಲ್ಲಿ ಅಡ್ಡಗಾಲುವೆ. ಉದ್ದ ಇಳಿಜಾರಿನಲ್ಲಿ ನೀರು ದಾರಿಯ ಮೇಲೆಯೇ ಓಡಿ ಕೊರೆಯುತ್ತದೆ. ಅಲ್ಲಲ್ಲಿ ಓರೆಯಾಗಿ ಕಲ್ಲು ಹುಗಿದು, ತಗ್ಗಾದ ಅಡ್ಡಗಾಲುವೆ ಮಾಡಿ, ನೀರನ್ನು ಬದಿಗೆ ತಿರುಗಿಸಿರಿ. ಅದು ಚಕ್ಕಡಿಯ ಕೀಲು ಮುರಿಯುವಷ್ಟು ಆಳ ಇರಬಾರದು. ಸೈಕಲ್ಲಿನವನು ಕೂತಲ್ಲೇ ದಾಟುವಂತಿದ್ದರೆ ಅಳತೆ ಸರಿ ಎಂದು ತಿಳಿಯಿರಿ.

ಗರಸು ಆರಿಸುವಾಗಲೂ ಎಚ್ಚರ ಬೇಕು. ಬರೀ ಕಲ್ಲು ಹಾಕಿದರೆ ಉರುಳಾಡುತ್ತದೆ. ಬರೀ ಮಣ್ಣು ಹಾಕಿದರೆ ರಾಡಿಯಾಗುತ್ತದೆ. ಸಣ್ಣ ಕಲ್ಲು, ಮರಳು, ತುಸು ಜಿಗುಟು ಮಣ್ಣು ಮೂರೂ ಕೂಡಿರಬೇಕು. ಒಂದು ಹಿಡಿ ಗರಸನ್ನು ತೋಯಿಸಿ ಉಂಡೆ ಮಾಡಿ ಒಣಗಿಸಿರಿ. ಉಂಡೆ ಮುಟ್ಟಿದರೆ ಉದುರಬಾರದು, ಮತ್ತೆ ತೋಯಿಸಿದಾಗ ಕೈಗೆ ಅಂಟಂಟಾಗಿ ಮೆತ್ತಲೂ ಬಾರದು.

ಎಷ್ಟು ಬೇಕು ಎಂಬ ಲೆಕ್ಕವೂ ಸುಲಭ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಕುಟ್ಟಿದ ಮೇಲೆ ಹತ್ತು ಸೆಂಟಿಮೀಟರ್ ದಪ್ಪ ಎಂದರೆ ಮೂವತ್ತು ಘನಮೀಟರ್. ಸಡಿಲ ಗರಸು ಕುಟ್ಟಿದಾಗ ಕುಗ್ಗುವುದರಿಂದ ಸುಮಾರು ನಲವತ್ತು ಘನಮೀಟರ್ ತರಬೇಕು. ಒಂದು ಟ್ರೇಲರಿಗೆ ಮೂರು ಘನಮೀಟರ್ ಹಿಡಿದರೆ ಹದಿಮೂರು ಹದಿನಾಲ್ಕು ಟ್ರೇಲರು. ಗರಸು ಅಗೆಯುವುದಕ್ಕೆ ಮೊದಲು ಪಂಚಾಯತಿಯನ್ನೂ ಸಂಬಂಧಪಟ್ಟ ಇಲಾಖೆಯನ್ನೂ ಕೇಳಿರಿ. ಆದರೆ ನೀರಿಗೆ ಹಾದಿ ಮಾಡದೆ ಗರಸು ಸುರಿಯಬೇಡಿರಿ. ಕಾಲುವೆ ಇಲ್ಲದ ದಾರಿಗೆ ಹಾಕಿದ ಗರಸು ತೂತಿನ ಕೊಡಕ್ಕೆ ಸುರಿದ ನೀರಿದ್ದಂತೆ.

ವರ್ಷಕ್ಕೊಂದು ಸಾಲು

ನೀರಿಗಿಂತ ಕೆಟ್ಟ ವೈರಿ ಇನ್ನೊಂದಿದೆ. ಅದನ್ನು ಹೇಳಲು ಮನಸ್ಸಿಗೆ ಕಷ್ಟ, ಆದರೂ ಹೇಳಲೇಬೇಕು. ಆ ವೈರಿ ನಮ್ಮ ನೇಗಿಲು.

ನಾಲ್ಕೂವರೆ ಮೀಟರ್ ಅಗಲದ ಚಕ್ಕಡಿ ರಸ್ತೆಯೊಂದಿದೆ ಎನ್ನಿರಿ. ಈ ಬದಿಯ ಹೊಲದವನು ರಂಟೆ ಹೊಡೆಯುವಾಗ ಹದಿನೈದು ಸೆಂಟಿಮೀಟರಿನ ಒಂದು ಸಾಲನ್ನು ದಾರಿಯಿಂದ ಒಳಗೆ ಹಾಕಿಕೊಂಡ. ಆ ಬದಿಯವನು “ಅವ ಹಾಕ್ಯಾನ, ನಾ ಯಾಕ ಬಿಡ್ಲಿ?” ಎಂದು ತಾನೂ ಒಂದು ಸಾಲು ಹಾಕಿಕೊಂಡ. ವರ್ಷಕ್ಕೆ ಮೂವತ್ತು ಸೆಂಟಿಮೀಟರ್ ಹೋಯಿತು. ಹತ್ತು ವರ್ಷಕ್ಕೆ ಮೂರು ಮೀಟರ್. ಉಳಿದದ್ದು ಒಂದೂವರೆ ಮೀಟರ್. ಯಾರೂ ದಾರಿಯನ್ನು ಕದಿಯಲಿಲ್ಲ, ಆದರೆ ದಾರಿ ಇಲ್ಲದಂತಾಯಿತು. ಮೊದಲು ಚಕ್ಕಡಿ ನಿಲ್ಲುತ್ತದೆ, ಆಮೇಲೆ ಟ್ರ್ಯಾಕ್ಟರು, ಕೊನೆಗೆ ಸೈಕಲ್ಲೂ ನಿಲ್ಲುತ್ತದೆ.

ಇದರಿಂದ ಗಳಿಸಿದ್ದೇನು? ನೂರು ಮೀಟರ್ ಉದ್ದದ ಬದುವಿನಲ್ಲಿ ಒಬ್ಬನಿಗೆ ಸಿಕ್ಕದ್ದು ನೂರೈವತ್ತು ಚದರ ಮೀಟರ್, ಒಂದು ಗುಂಟೆಯ ಮೇಲೆ ಅರ್ಧ ಗುಂಟೆ. ಕಳೆದುಕೊಂಡದ್ದು? ಮುಂದಿನ ಹೊಲಗಳ ಇಪ್ಪತ್ತು ಮೂವತ್ತು ಮನೆತನಗಳು ಸುಗ್ಗಿಯಲ್ಲಿ ರಾಶಿಯನ್ನು ತಲೆಯ ಮೇಲೆ ಹೊರಬೇಕು. ಬಿತ್ತುವ ಹದದಲ್ಲಿ ಗೊಬ್ಬರ ಸಾಗುವುದಿಲ್ಲ. ತೋಟದ ಮನೆಯ ಬಾಣಂತಿಯನ್ನು ರಾತ್ರಿ ದವಾಖಾನೆಗೆ ಒಯ್ಯಲು ಗಾಡಿ ಮನೆಯ ತನಕ ಬರುವುದಿಲ್ಲ. ಆ ಗುಂಟೆಯ ಜೋಳ ಇದಕ್ಕೆ ಸಾಟಿಯಾದೀತೇ? ದಾರಿಯ ಜಗಳದಿಂದ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟು ಅಲೆದು, ಜಗಳದ ನೆಲದ ಬೆಲೆಗಿಂತ ಹೆಚ್ಚು ಖರ್ಚು ಮಾಡಿದ್ದನ್ನು ನೀವೂ ಬಲ್ಲಿರಿ.

ಶಾಲೆಯ ಮಕ್ಕಳನ್ನೂ ನೆನೆಯಿರಿ. ಪ್ರೌಢಶಾಲೆ ಐದು ಕಿಲೋಮೀಟರ್ ದೂರ ಇದ್ದರೆ ನಡೆದು ಒಂದು ತಾಸು, ಒಳ್ಳೆಯ ಗರಸಿನ ದಾರಿಯಲ್ಲಿ ಸೈಕಲ್ಲಿನ ಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷ. ನಡಿಗೆಗೆ ಬೇಕಾಗುವ ಶಕ್ತಿಯ ಐದನೆಯ ಒಂದು ಪಾಲು ಸೈಕಲ್ಲಿಗೆ ಸಾಕು. 2006-07ರಿಂದ ಹಲವು ವರ್ಷ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿತು. ಸೈಕಲ್ಲು ಸರಕಾರ ಕೊಟ್ಟೀತು, ಆದರೆ ಮನೆಯ ಬಾಗಿಲಿನಿಂದ ಊರ ರಸ್ತೆಯ ತನಕದ ದಾರಿಯನ್ನು ನಾವೇ ಉಳಿಸಬೇಕು. ಸೈಕಲ್ಲು ನಡೆಯದ ದಾರಿಯಲ್ಲಿ ಶಾಲೆ ಬಿಡುವವರಲ್ಲಿ ಹೆಣ್ಣುಮಗಳೇ ಮೊದಲಿಗಳು.

ಸೈಕಲ್ಲಿನವರು ರೈತರಿಗೆ ಬರೆದ ಪತ್ರ

ಪೇಟೆಯ ಸೈಕಲ್ಲಿನವನಿಗೂ ರೈತನಿಗೂ ಏನು ಸಂಬಂಧ ಎಂದು ಕೇಳುವವರಿಗೆ ಹಳೆಯ ಸಂಗತಿಯೊಂದನ್ನು ಹೇಳಬೇಕು. ಅಮೆರಿಕದಲ್ಲಿ 1880ರಲ್ಲಿ ಸೈಕಲ್ ಸವಾರರ ಸಂಘವೊಂದು ಹುಟ್ಟಿತು. ಆಗ ಅಲ್ಲಿಯ ಹಳ್ಳಿಯ ರಸ್ತೆಗಳೆಲ್ಲ ಮಳೆಗಾಲದಲ್ಲಿ ರಾಡಿ. ಒಳ್ಳೆಯ ರಸ್ತೆ ಬೇಕೆಂದು ಸಂಘದವರು ಚಳುವಳಿ ಹೂಡಿದಾಗ ಮೊದಲು ವಿರೋಧಿಸಿದವರು ರೈತರೇ. “ಪೇಟೆಯವರ ಮೋಜಿಗೆ ನಾವೇಕೆ ತೆರಿಗೆ ಕೊಡಬೇಕು?” ಎಂಬುದು ಅವರ ಪ್ರಶ್ನೆ. ಆಗ 1891ರಲ್ಲಿ ಐಸಾಕ್ ಪಾಟರ್ ಎಂಬವರು ರೈತನನ್ನೇ ಉದ್ದೇಶಿಸಿ ಪತ್ರರೂಪದ ಒಂದು ಪುಸ್ತಿಕೆ ಬರೆದರು. ಕೆಟ್ಟ ರಸ್ತೆಯಿಂದ ರೈತನಿಗೇ ಎಷ್ಟು ನಷ್ಟ ಎಂಬುದನ್ನು ಅದರಲ್ಲಿ ತಿಳಿಸಿ ಹೇಳಿದರು. ಮುಂದೆ 1893ರಲ್ಲಿ ಅಮೆರಿಕ ಸರಕಾರ ರಸ್ತೆಗಳ ವಿಚಾರಣೆಗೆ ಒಂದು ಕಚೇರಿ ತೆರೆಯಿತು. ಅದನ್ನು ತೆರೆದದ್ದು ಕೃಷಿ ಇಲಾಖೆಯಲ್ಲಿ! ರಸ್ತೆ ರೈತನ ಸಾಮಾನು ಎಂದು ಅವರು ತಿಳಿದಿದ್ದರು.

ಇಟಲಿಯಲ್ಲಿ ಇದಕ್ಕೆ ಪ್ರತಿಯಾದ ಸಂಗತಿ ನಡೆಯಿತು. ಅಲ್ಲಿಯ ಟಸ್ಕನಿ ಸೀಮೆಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಬಿಳಿಯ ಗರಸಿನ ದಾರಿಗಳಿವೆ. ಒಂದೊಂದಾಗಿ ಅವು ಡಾಂಬರಿನ ಅಡಿಯಲ್ಲಿ ಮುಚ್ಚಿಹೋಗುವುದನ್ನು ಕಂಡು, ಅವನ್ನು ಉಳಿಸುವ ಉದ್ದೇಶದಿಂದ 1997ರಲ್ಲಿ ಗಾಯೊಲೆ ಎಂಬ ಸಣ್ಣ ಊರಿನಿಂದ ಹಳೆಯ ಸೈಕಲ್ಲುಗಳ ಯಾತ್ರೆ ಆರಂಭವಾಯಿತು. ಈಗ ಆ ದಾರಿಗಳೇ ಆ ಸೀಮೆಯ ಹೆಸರು ಬೆಳಗಿಸಿವೆ.

ನಮ್ಮ ಊರಿಗೆ ಡಾಂಬರು ಬೇಡ ಎಂದು ಇದರ ಅರ್ಥವಲ್ಲ. ಊರಿಂದ ಊರಿಗೆ ಹೋಗುವ ರಸ್ತೆ ಗಟ್ಟಿಯಾಗಲೇಬೇಕು. ಆದರೆ ಎಲ್ಲ ಹೊಲದ ದಾರಿಗೂ ಡಾಂಬರು ಬಂದೀತು ಎಂದು ಕಾಯುತ್ತ ಕೂತರೆ, ಅದು ಬರುವ ಹೊತ್ತಿಗೆ ದಾರಿಯೇ ಇರಲಿಕ್ಕಿಲ್ಲ. ಚೆನ್ನಾಗಿ ಇಟ್ಟ ಗರಸಿನ ದಾರಿ ಬಡವನ ದಾರಿಯಲ್ಲ. ಅದನ್ನು ತುಳಿಯಲು ಜನ ದೂರದಿಂದ ಬರುತ್ತಾರೆ.

ಈ ವರ್ಷ ಮಾಡತಕ್ಕ ಕೆಲಸ

1. ಊರ ನಕಾಶೆಯನ್ನು ನೋಡಿರಿ. ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಎಂದು ಬೇರೆ ಬೇರೆ ಗುರುತು ಇರುತ್ತವೆ. ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿದರೆ ತೋರಿಸುತ್ತಾರೆ. ಸರ್ವೆ ನಂಬರು ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಎಂಬ ಸರಕಾರಿ ಸಾಧನವೂ ಇದೆ.

2. ಒತ್ತಿದ ಸಾಲನ್ನು ಮಾತಿನಿಂದ ಬಿಡಿಸಿರಿ. ಎರಡೂ ಬದಿಯವರು ಒಂದೇ ದಿನ ಸಮನಾಗಿ ಬಿಟ್ಟರೆ ಯಾರಿಗೂ ಅವಮಾನವಿಲ್ಲ. ಹಿರಿಯರ ಮುಂದೆ ಗಡಿಕಲ್ಲು ನೆಡಿರಿ. ಮಾತಿಗೆ ಬಾರದಿದ್ದರೆ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು.

3. ರೋಹಿಣಿ ಮಳೆಗೆ ಮೊದಲು ಒಂದು ದಿನ ಶ್ರಮದಾನ ಮಾಡಿರಿ. ಗುದ್ದಲಿ, ಸಲಿಕೆ, ಬುಟ್ಟಿ ಸಾಕು. ಮೊದಲು ಕಾಲುವೆ, ಆಮೇಲೆ ಬೆನ್ನು, ಕೊನೆಗೆ ಗರಸು. ದೊಡ್ಡ ಕೆಲಸವಿದ್ದರೆ ಗ್ರಾಮಸಭೆಯಲ್ಲಿ ಬರೆಸಿರಿ. ಉದ್ಯೋಗ ಖಾತ್ರಿಯಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಿಂದ ರಾಜ್ಯದ ಎಷ್ಟೋ ಊರುಗಳಲ್ಲಿ ಇಂಥ ದಾರಿಗಳಾದವು.

4. ಶ್ರಾವಣದಲ್ಲಿ ಒಂದು ದಿನ ಮಳೆ ಬೀಳುತ್ತಿರುವಾಗಲೇ ಕಂಬಳಿ ಹೊದ್ದು ದಾರಿಯಲ್ಲಿ ನಡೆಯಿರಿ. ನೀರು ಎಲ್ಲಿ ನಿಂತಿದೆ, ಎಲ್ಲಿ ಹರಿದಿದೆ ಎಂದು ನೋಡಿ ಗುರುತು ಮಾಡಿರಿ. ದಾರಿಯ ರೋಗವನ್ನು ಮಳೆಯೇ ತೋರಿಸಿಕೊ‌ಡುತ್ತದೆ.

5. ಸೈಕಲ್ಲಿನ ಮೇಲೆ ಬಂದವರಿಗೆ ದಾರಿ ಹೇಳಿರಿ, ನೀರು ಕೊಡಿರಿ. ಬದುವಿನ ಮೇಲೆ ತುಳಿಯಬಾರದು, ಕಡಲೆ ಕೀಳಬಾರದು, ಪ್ಲಾಸ್ಟಿಕ್ ಎಸೆಯಬಾರದು ಎಂಬುದನ್ನೂ ಮುಲಾಜಿಲ್ಲದೆ ಹೇಳಿರಿ. ಚಹಾ, ಜೋಳದ ರೊಟ್ಟಿ, ಸೀತನಿಯನ್ನು ನ್ಯಾಯವಾದ ಬೆಲೆಗೆ ಕೊಟ್ಟರೆ ನಾಲ್ಕು ಕಾಸೂ ಬಂದಾವು. ಅದರಿಂದ ಯಾರೂ ಸಾವಕಾರರಾಗುವುದಿಲ್ಲ, ಆದರೆ ಬಂದವರು ಊರಿನ ಒಳ್ಳೆಯ ಹೆಸರನ್ನು ಒಯ್ಯುತ್ತಾರೆ.

ಕೊನೆಗೆ ಒಂದು ಪರೀಕ್ಷೆ ಹೇಳುತ್ತೇವೆ. ಆಷಾಢ ಕಳೆದ ಮೇಲೆ, ಮಳೆ ನಿಂತು ಎರಡು ದಿನ ಬಿಟ್ಟು, ನಿಮ್ಮ ಮಗಳನ್ನೋ ಮೊಮ್ಮಗನನ್ನೋ ಸೈಕಲ್ಲಿನ ಮೇಲೆ ತೋಟದಿಂದ ಊರಿಗೆ ಕಳಿಸಿ ನೋಡಿರಿ. ಎಲ್ಲಿಯೂ ಇಳಿಯದೆ ಬಂದರೆ ದಾರಿ ಸರಿ ಇದೆ. ಆ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರು, ದವಾಖಾನೆಯ ಗಾಡಿ ಎಲ್ಲವೂ ಬರುತ್ತವೆ. ಇಳಿಯಬೇಕಾಗಿ ಬಂದರೆ ಎಲ್ಲಿ ಇಳಿದಳೆಂದು ಕೇಳಿರಿ. ಮರುದಿನ ಗುದ್ದಲಿ ತೆಗೆದುಕೊಂಡು ಅಲ್ಲಿಗೇ ಹೋಗಿರಿ.